ಅಟ್ಟ ಸೇರಿರೋ ಅಳಿಲನ್ನ ಸಾಯಿಸದೆ ಆಚೆ ಕಳಿಸೋದು ಹೆಂಗೆ

ಅಟ್ಟದ ಮೇಲೆ ಸದ್ದಾಯ್ತು ಅಂದ ತಕ್ಷಣ ಅಳಿಲು ಅಂತ ತೀರ್ಮಾನ ಮಾಡ್ಬೇಡಿ, ಸದ್ದು ಯಾವ ಹೊತ್ತಲ್ಲಿ ಆಗುತ್ತೆ ಅಂತ ಎರಡು ದಿನ ಕಿವಿಗೊಟ್ಟು ಕೇಳಿ. ಅಳಿಲು ಹಗಲು ಓಡಾಡೋ ಪ್ರಾಣಿ, ಬೆಳಕು ಹರಿಯೋ ಹೊತ್ತಿಗೆ ಶುರು ಹಚ್ಕೊಂಡ್ರೆ ಸಂಜೆ ದೀಪ ಹಚ್ಚೋ ಅಷ್ಟರಲ್ಲಿ ಗಪ್‌ಚಿಪ್. ಎಲ್ಲರೂ ಮಲಗಿದ ಮೇಲೆ ಪರಪರ ಅಂತಿದ್ರೆ ಅದು ಇಲಿ, ಹೆಂಚಿನ ಮೇಲೆ ಯಾರೋ ಮನುಷ್ಯರೇ ನಡೆದಂಗೆ ಧಡ್ ಧಡ್ ಅಂದ್ರೆ ಪುನುಗು ಬೆಕ್ಕು, ಮೂಡಿಗೆರೆ ಸಕಲೇಶಪುರದ ಕಡೆ ಕಾಫಿ ಹಣ್ಣಾಗೋ ಕಾಲದಲ್ಲಿ ಅದೆಲ್ಲ ಮಾಮೂಲು. ಅವಕ್ಕೆ ಮದ್ದೇ ಬೇರೆ. ಇನ್ನು ಕಾಡಲ್ಲಿರೋ ದೊಡ್ಡ ಕೆಂದಳಿಲು ಮರದ ತುದಿ ಬಿಟ್ಟು ಇಳಿಯೋದೇ ಅಪರೂಪ, ಅದು ನಿಮ್ಮ ಅಟ್ಟಕ್ಕೆ ಬರಲ್ಲ. ಮನೆ ಸೇರೋದು ಬೆನ್ನ ಮೇಲೆ ಮೂರು ಗೆರೆ ಇರೋ ಈ ಚಿಕ್ಕದೇ, ನೂರು ಗ್ರಾಂ ಆಚೀಚೆ ತೂಕ, ಬಾಯಿ ಮಾತ್ರ ಇಡೀ ಕೇರಿಗೆ ಕೇಳ್ಸುತ್ತೆ.

ನಾನು ಹುಟ್ಟಿದ್ದು ಮೂಡಿಗೆರೆ ಕಡೆ, ಸೇರಿದ್ದು ಅರಸೀಕೆರೆ ಕಡೆ, ಹಂಗಾಗಿ ಎರಡು ಥರದ ಅಟ್ಟಾನೂ ಗೊತ್ತು ನಂಗೆ. ಮಲೆನಾಡಲ್ಲಿ ಸೌದೆ, ಹಳೇ ಗೋಣಿಚೀಲ, ಮುರಿದ ಕುಕ್ಕೆ ಎಲ್ಲಾ ಮೇಲಕ್ಕೆ ತಳ್ಳಿ ಮರೆತುಬಿಡ್ತಾರೆ. ಈ ಕಡೆ ಅಟ್ಟ ಅಂದ್ರೆ ಕೊಬ್ಬರಿ ಅಟ್ಟ. ಉಂಡೆ ಕೊಬ್ಬರಿ ಆಗ್ಬೇಕು ಅಂದ್ರೆ ಬಲಿತ ಕಾಯಿನ ಸಿಪ್ಪೆ ಸಮೇತ 8 ತಿಂಗಳಿಂದ ವರ್ಷದ ತನಕ ಅಟ್ಟದಲ್ಲೇ ಬಿಡ್ಬೇಕಲ್ಲ, ಅಲ್ಲಿ ನಾರು ಬೇಕಾದಷ್ಟು, ಬೆಚ್ಚಗೆ ಬೇರೆ, ಅಳಿಲಿಗೆ ಇನ್ನೇನು ಬೇಕು ಹೇಳಿ. ಅದು ಬಂದಿರೋದು ಕೊಬ್ಬರಿ ತಿನ್ನೋಕೆ ಅಂತ ಎಲ್ಲರೂ ಬೈತಾರೆ, ನಿಜವಾಗ್ಲೂ ಬಂದಿರೋದು ಸಿಪ್ಪೆ ಮೇಲಿನ ನಾರಿಗೆ, ಗೂಡು ಕಟ್ಟೋಕೆ. ನಮ್ಮ ಅಟ್ಟದಲ್ಲಿ ಸಿಕ್ಕ ಗೂಡನ್ನ ಬಿಡಿಸಿ ನೋಡಿದ್ದೆ, ಹೊರಗಡೆ ಒರಟು ತೆಂಗಿನ ನಾರು, ಒಳಗೆ ಹೋದಂಗೆ ಗೋಣಿ ಎಳೆ, ಹಾಸಿಗೆ ಹತ್ತಿ, ತೀರಾ ನಡುಮಧ್ಯ ಮರಿ ಮಲಗೋ ಜಾಗದಲ್ಲಿ ದೇವರ ಮನೆ ಹೂಬತ್ತಿಗಳು, ಇನ್ನೂ ಎಣ್ಣೆ ಮುಟ್ಟದೇ ಇರೋವು. ಬತ್ತಿ ಖಾಲಿ ಮಾಡಿದ್ದಕ್ಕೆ ಅಷ್ಟು ದಿನ ಮನೆ ಹುಡುಗರು ಬೈಸ್ಕೊಂಡಿದ್ವು ಪಾಪ.

ಮೊದಲ ಕೆಲಸ ದಾರಿ ಹುಡುಕೋದು. ಮಟಮಟ ಮಧ್ಯಾಹ್ನ ಅಟ್ಟ ಹತ್ತಿ, ಲೈಟ್ ಆಫ್ ಮಾಡಿ, ಕಣ್ಣು ಕತ್ತಲೆಗೆ ಒಗ್ಗೋ ತನಕ ಸುಮ್ನೆ ಕೂತ್ಕೊಳ್ಳಿ, ಎಲ್ಲೆಲ್ಲಿ ಬೆಳಕು ತೂರಿ ಬರುತ್ತೋ ಅದೆಲ್ಲ ಬಾಗಿಲೇ. ಹೆಚ್ಚಾಗಿ ಸೂರಿನ ಹತ್ರ ಗೋಡೆಗೂ ಹೆಂಚಿಗೂ ನಡುವೆ, ಪಕಾಸಿ ಗೋಡೆ ಮೇಲೆ ಕೂರೋ ಜಾಗದಲ್ಲಿ, ಇಲ್ಲಾ ನೆತ್ತಿ ಹೆಂಚಿನ ಗಾರೆ ಉದುರಿರೋ ಕಡೆ ಇರುತ್ತೆ. ಎರಡು ಬೆರಳು ಹೋಗೋವಷ್ಟು ಸಂದಿದ್ರೆ ಸಾಕು ಅದಕ್ಕೆ. ಯಾವ ಸಂದಿ ಬಳಕೆಯಲ್ಲಿದೆ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಪ್ರತಿಯೊಂದಕ್ಕೂ ಹಳೇ ಪೇಪರ್ ಉಂಡೆ ಮಾಡಿ ಸಡಿಲಾಗಿ ತುರುಕಿ ಬನ್ನಿ, ಮಾರನೇ ದಿನ ಯಾವುದು ಕೆಳಗೆ ಬಿದ್ದಿರುತ್ತೋ ಅದೇ ಅದರ ದಾರಿ. ಸಂದಿ ಮುಂದೆ ಒಂದಿಷ್ಟು ರಾಗಿ ಹಿಟ್ಟು ಉದುರಿಸಿದ್ರೆ ಹೆಜ್ಜೆನೂ ಕಾಣುತ್ತೆ.

ದಾರಿ ಸಿಕ್ತು ಅಂತ ಗಾರೆ ಕೆಲಸದವರನ್ನ ಕರೆದು ಅವತ್ತೇ ಮುಚ್ಚಿಸ್ತಾರಲ್ಲ, ಅದೇ ದೊಡ್ಡ ತಪ್ಪು ಕಣ್ರಿ. ಒಳಗೆ ಮರಿ ಇದ್ಯಾ ಇಲ್ವಾ ನೋಡ್ಬೇಕು. ನಮ್ಮ ಕಡೆ ಅಳಿಲು ಇಂಥದ್ದೇ ತಿಂಗಳಲ್ಲಿ ಮರಿ ಹಾಕುತ್ತೆ ಅಂತಿಲ್ಲ, ಸಾಮಾನ್ಯವಾಗಿ ಒಂದು ಸಲಕ್ಕೆ ಎರಡೋ ಮೂರೋ, ಹುಟ್ಟಿದಾಗ ಮೈಮೇಲೆ ಕೂದಲಿರಲ್ಲ, ಕಣ್ಣು ಬಿಡೋಕೇ ಮೂರು ವಾರ ಬೇಕು. ತಾಯಿನ ಆಚೆ ಹಾಕಿ ತೂತು ಮುಚ್ಚಿದ್ರೆ ಮರಿ ಒಳಗೇ ಸಾಯ್ತವೆ, ಅಟ್ಟ ಗಬ್ಬು ನಾರುತ್ತೆ, ನೊಣ ಮುತ್ತುತ್ತೆ, ಇನ್ನೊಂದು ಕಡೆ ಆ ತಾಯಿ ಮರಿಗೋಸ್ಕರ ಹೆಂಚು ರೀಪರ್ ಎಲ್ಲಾ ಕೆರೆದು ಹೊಸ ತೂತು ಮಾಡುತ್ತೆ. ಪಾಪ ಪುಣ್ಯ ಆಮೇಲಿನ ಮಾತು, ಲೆಕ್ಕ ಹಾಕಿದ್ರೂ ನಷ್ಟ ನಮಗೇ. ತಾಯಿ ಆಚೆ ಹೋದಾಗ ಗೂಡಿನ ಹತ್ರ ಸಣ್ಣಗೆ ಚಿಂವ್ ಚಿಂವ್ ಅನ್ನುತ್ತಾ ಕೇಳಿ, ಟಾರ್ಚ್ ಹಾಕಿ ನೋಡಿ, ಕೈ ಹಾಕ್ಬೇಡಿ.

ಮರಿ ಇದ್ರೆ ನನ್ನ ಸಲಹೆ, ಬಿಟ್ಬಿಡಿ. ಎರಡು ಎರಡೂವರೆ ತಿಂಗಳಲ್ಲಿ ಅವು ತಾವೇ ಓಡಾಡೋ ಹಂಗಾಗ್ತವೆ. ಅಷ್ಟು ಕಾಯೋಕಾಗಲ್ಲ, ಮೇಲಿನ ವೈರ್ ಕಡೀತಿದೆ ಅಂದ್ರೆ ಆ ಜಾಗನ ಅದಕ್ಕೆ ಬೇಜಾರು ಮಾಡ್ಸಿ. ಹಗಲೆಲ್ಲ ಒಂದು ಎಲ್‌ಇಡಿ ಬಲ್ಬ್ ಉರಿಸಿಡಿ, ರೇಡಿಯೋ ಹಾಕಿಡಿ, ದಿನಕ್ಕೆರಡು ಸಲ ಮೇಲೆ ಹತ್ತಿ ಸಾಮಾನು ಸರಿಸಾಡಿ. ಅಳಿಲು ಒಂದು ಗೂಡು ಸರಿ ಬರ್ಲಿಲ್ಲ ಅಂದ್ರೆ ಮರಿನ ಬಾಯಲ್ಲಿ ಕಚ್ಕೊಂಡು ಒಂದೊಂದಾಗಿ ಬೇರೆ ಕಡೆ ಸಾಗಿಸುತ್ತೆ, ಅದಕ್ಕೆ ಸಮಯ ಕೊಡ್ಬೇಕಷ್ಟೆ.

ಮರಿ ಇಲ್ಲ ಅಂತ ಖಾತ್ರಿ ಆದ್ರೆ ಕೆಲಸ ಸುಲಭ. ಬಳಸೋ ಬಾಗಿಲು ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚಿ. ಆ ಒಂದಕ್ಕೆ ಹೊರಗಡೆಯಿಂದ ತೆಳು ತಗಡಿನ ತುಂಡನ್ನ ಮೇಲ್ತುದಿಯಲ್ಲಿ ಮಾತ್ರ ಕಟ್ಟು ತಂತಿಯಿಂದ ನೇತುಹಾಕಿ, ಅದು ತೂತಿಗಿಂತ ಸುತ್ತಲೂ ಎರಡು ಮೂರು ಇಂಚು ದೊಡ್ಡದಿರ್ಲಿ. ಒಳಗಿಂದ ತಳ್ಳಿದ್ರೆ ತೆರೆಯುತ್ತೆ, ಆಚೆ ಹೋದ ಮೇಲೆ ತಾನೇ ಮುಚ್ಕೊಳ್ಳುತ್ತೆ, ವಾಪಸ್ ಬರೋಕಾಗಲ್ಲ. ಮೂರ್ನಾಲ್ಕು ದಿನ ಹಂಗೇ ಬಿಟ್ಟು, ಒಳಗೆ ಸದ್ದಿಲ್ಲ ಅಂತ ನೋಡಿ, ಮತ್ತೊಂದು ಸಲ ಪೇಪರ್ ಉಂಡೆ ಇಟ್ಟು ಪರೀಕ್ಷೆ ಮಾಡಿ, ಆಮೇಲೆ ಪೂರ್ತಿ ಮುಚ್ಚಿ.

ಮುಚ್ಚೋಕೆ ಏನು ಹಾಕ್ತೀರ ಅನ್ನೋದ್ರಲ್ಲೇ ಇರೋದು ಎಲ್ಲಾ. ಪ್ಲಾಸ್ಟಿಕ್ ನೆಟ್, ಥರ್ಮಾಕೋಲ್, ಬಟ್ಟೆ, ಡಬ್ಬದಲ್ಲಿ ಬರೋ ಫೋಮು ಯಾವುದೂ ಬೇಡ. ಅಳಿಲಿನ ಮುಂದಿನ ಹಲ್ಲು ಸಾಯೋ ತನಕ ಬೆಳೀತಾನೇ ಇರುತ್ತೆ, ಸವೆಸೋಕೆ ಏನಾದ್ರೂ ಕಡೀಲೇಬೇಕು, ಅದಕ್ಕೇ ವೈರು, ಪೈಪು, ಮರ ಎಲ್ಲಾ ಕಡಿಯೋದು. ಅರ್ಧ ಇಂಚಿನ ಕಬ್ಬಿಣದ ವೆಲ್ಡ್ ಮೆಶ್ ತನ್ನಿ, ಕೋಳಿ ಗೂಡಿನ ಬಲೆ ಬೇಡ, ಅದರ ಕಣ್ಣು ದೊಡ್ಡದು. ಮೆಶ್ಶನ್ನ ಮರಕ್ಕೆ ಮೊಳೆ ವಾಷರ್ ಹಾಕಿ ಬಿಗೀರಿ, ಗೋಡೆ ಕಡೆ ಸಿಮೆಂಟ್ ಮೆತ್ತಿ. ಕೊಬ್ಬರಿ ಅಟ್ಟ ಇರೋರು ಮಾತ್ರ ಹಲಗೆ ಹೊಡೆದು ಗಾಳಿ ಕಟ್ಬೇಡಿ, ಅಳಿಲು ಹೋಗುತ್ತೆ ಆದ್ರೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತೆ. ಹೆಂಗೂ ಏಪ್ರಿಲ್ ಮೇನಲ್ಲಿ ಮಳೆಗೆ ಮುಂಚೆ ಹೆಂಚು ಕೈಯಾಡಿಸ್ತೀರಲ್ಲ, ಒಡೆದ ಹೆಂಚು ಬದಲಾಯಿಸೋವಾಗ್ಲೇ ಇದನ್ನೂ ಮುಗಿಸ್ಕೊಂಡ್ರೆ ಕೂಲಿ ಒಂದೇ ಸಲ.

ವಿಷ ಇಡೋದು, ಗಮ್ ಬೋರ್ಡ್ ಇಡೋದು ಬೇಡವೇ ಬೇಡ, ವಿಷ ತಿಂದಿದ್ದು ಎಲ್ಲೋ ಕೈಗೆಟುಕದ ಸಂದಿಯಲ್ಲಿ ಸಾಯುತ್ತೆ, ಅದನ್ನ ತಿಂದ ಬೆಕ್ಕು ಗೂಬೆನೂ ಹೋಗ್ಬೋದು. ಹೊಗೆ ಹಾಕಿ ಅನ್ನೋರಿದಾರೆ, ನಾರು ತುಂಬಿರೋ ಅಟ್ಟಕ್ಕೆ ಬೆಂಕಿ ತಗೊಂಡು ಹೋಗೋಕೆ ಬುದ್ಧಿ ಇದ್ಯಾ ಅಂತ ಕೇಳ್ತೀನಿ ನಾನು. ನುಸಿ ಗುಳಿಗೆ ವಾಸನೆ ನಮಗೇ ತಲೆನೋವು. ಬೋನಿಟ್ಟು ಹಿಡಿದು ದೂರ ಬಿಟ್ಟು ಬಂದ್ರೆ ಅದಕ್ಕೆ ಅಲ್ಲಿ ಗೂಡಿಲ್ಲ ದಾರಿ ಗೊತ್ತಿಲ್ಲ, ನಿಮ್ಮ ಅಟ್ಟದ ತೂತು ಹಂಗೇ ಇದ್ರೆ ಇನ್ನೊಂದು ಬರುತ್ತೆ. ಅಳಿಲು ಇಲಿ ಇರೋ ಕಡೆ ಕೇರೆ ಹಾವೂ ಹುಡ್ಕೊಂಡು ಬರುತ್ತೆ ಅನ್ನೋದು ಮಲೆನಾಡಿನೋರಿಗೆ ಹೇಳ್ಬೇಕಾಗಿಲ್ಲ.

ಸೂರಿಗೆ ತಾಗೋ ಸೀಬೆ, ಹಲಸು, ಸಿಲ್ವರ್ ಓಕ್ ಕೊಂಬೆ ಏನಿದ್ರೂ ಏಳೆಂಟು ಅಡಿ ದೂರ ಇರೋ ಹಂಗೆ ಸವರಿ. ಬಟ್ಟೆ ಒಣಗಿಸೋ ತಂತಿ, ಡಿಶ್ ಕೇಬಲ್ಲು, ಇವೂ ಅದಕ್ಕೆ ಸೇತುವೆನೇ. ಗೋಡೆ ಪಕ್ಕದ ತೆಂಗಿನ ಮರಕ್ಕೆ ಆಳೆತ್ತರದಲ್ಲಿ ಎರಡಡಿ ಅಗಲದ ನುಣುಪು ತಗಡು ಸುತ್ತಿದ್ರೆ ಉಗುರು ಹಿಡಿಯಲ್ಲ, ಜಾರುತ್ತೆ, ಗರಿ ಸೂರಿಗೆ ತಾಗ್ತಿದ್ರೆ ಮಾತ್ರ ತಗಡು ಸುತ್ತಿಯೂ ದಂಡ.

ಎಲ್ಲಾ ಮುಗಿದ ಮೇಲೆ ಗೂಡು ಹಿಕ್ಕೆ ಗುಡಿಸೋವಾಗ ಒಣಗಿದ್ದನ್ನ ಹಂಗೇ ಧೂಳೆಬ್ಬಿಸ್ಬೇಡಿ, ಫಿನಾಯಿಲ್ ನೀರು ಚಿಮುಕಿಸಿ ನೆನೆಸಿ, ಮೂಗಿಗೆ ಬಟ್ಟೆ ಕಟ್ಕೊಂಡು ತೆಗೀರಿ. ಅದಕ್ಕೂ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ಕಡಿದಿರೋ ವೈರ್ ಇದ್ರೆ ಎಲೆಕ್ಟ್ರಿಷಿಯನ್ ಕರೆಸಿ, ಟೇಪ್ ಸುತ್ತಿ ಸುಮ್ನಾಗ್ಬೇಡಿ.

ಇಷ್ಟರ ನಡುವೆ ಎಲ್ಲಾದ್ರೂ ಮರಿ ಕೆಳಗೆ ಬಿತ್ತು ಅಂತಿಟ್ಕೊಳ್ಳಿ, ಹಾಲು ಕುಡಿಸೋಕೆ ಹೋಗ್ಬೇಡಿ. ಒಂದು ರಟ್ಟಿನ ಡಬ್ಬಕ್ಕೆ ಹಳೇ ಕಾಟನ್ ಬಟ್ಟೆ ಹಾಸಿ, ಬಟ್ಟೆ ಕೆಳಗೆ ಉಗುರು ಬೆಚ್ಚಗಿನ ನೀರು ತುಂಬಿದ ಬಾಟ್ಲಿ ಇಟ್ಟು, ಮರಿನ ಮಲಗಿಸಿ, ಬಿದ್ದ ಜಾಗದ ಹತ್ರಾನೇ ಬೆಕ್ಕಿಗೆ ಎಟುಕದ ಎತ್ತರದಲ್ಲಿಡಿ, ನೀವು ದೂರ ಹೋಗಿ. ಬೆಳಕಿರೋವಾಗ ತಾಯಿ ಹುಡ್ಕೊಂಡು ಬಂದು ಎತ್ಕೊಂಡು ಹೋಗುತ್ತೆ. ಕತ್ತಲಾದ್ರೂ ಬರ್ಲಿಲ್ಲ ಅಂದ್ರೆ ಡಬ್ಬ ಒಳಗಿಟ್ಕೊಂಡು, ಬಾಟ್ಲಿ ನೀರು ಬದಲಾಯಿಸ್ತಾ ಇದ್ದು, ಬೆಳಿಗ್ಗೆ ಪಶು ವೈದ್ಯರನ್ನ ಕೇಳಿ.