ಟಾನ್ಸಿಲ್ ಕಲ್ಲು: ಕೀಳೋದು ಬಿಟ್ಟೆ, ಮೂಗು ಹಿಡಿದೆ

ಟಾನ್ಸಿಲ್ ತೆಗೆಸದೆ ಈ ಕಲ್ಲು ಹೋಗಲ್ಲ ಅಂದವರೇ ಎಲ್ಲ. ಈಗ ಹದಿನಾಲ್ಕು ತಿಂಗಳಾಯಿತು. ವಾರಕ್ಕೆ ಮೂರು-ನಾಲ್ಕು ಬೀಳುತ್ತಿದ್ದದ್ದು ಎರಡು-ಮೂರು ತಿಂಗಳಿಗೊಂದಕ್ಕೆ ಇಳಿದಿದೆ, ಅದೂ ಸಾಸಿವೆ ಗಾತ್ರ. ಟಾನ್ಸಿಲ್ ಎರಡೂ ಇದ್ದಲ್ಲೇ ಇವೆ. ಕಲ್ಲು ಅಂದರೆ ಟಾನ್ಸಿಲ್ ಮೇಲಿನ ಸಣ್ಣ ಗುಳಿಗಳಲ್ಲಿ ಊಟದ ಚೂರು, ಸಿಂಬಳ, ಬ್ಯಾಕ್ಟೀರಿಯಾ ಸೇರಿ ಗಟ್ಟಿಯಾದ, ವಾಸನೆ ಹೊಡೆಯುವ ಉಂಡೆ; ಹೆಚ್ಚು ವಿವರಿಸಲ್ಲ. ಮೊಬೈಲ್ ಟಾರ್ಚ್ ಹಿಡಿದು ಕನ್ನಡಿ ಮುಂದೆ ಬಾಯಿ ಕಳೆದವರಿಗೆ ಅದು ಗೊತ್ತೇ ಇದೆ.

ಮೊದಲು ದುಡ್ಡು ಹಾಳಾದ ಲೆಕ್ಕ. ವಾಟರ್ ಫ್ಲಾಸರ್‌ಗೆ ಎರಡು ಸಾವಿರದ ಚಿಲ್ಲರೆ. ಹಲ್ಲಿನ ಸಂದಿಗೆ ನೀರು ಚಿಮ್ಮಿಸಲು ಮಾಡಿದ ಯಂತ್ರ ಅದು. ಅತಿ ಕಡಿಮೆ ಒತ್ತಡಕ್ಕಿಟ್ಟರೂ ಟಾನ್ಸಿಲ್‌ನಿಂದ ರಕ್ತ ಬಂತು. ಈಗ ಹಲ್ಲಿಗೇ ಬಳಕೆ. ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್ ಕ್ಲೋರ್‌ಹೆಕ್ಸಿಡಿನ್ 0.2% ಬಾಟಲಿ ನೂರು-ನೂರೈವತ್ತು ರೂಪಾಯಿ. ಎರಡು ವಾರಕ್ಕೆ ನಿಲ್ಲಿಸಬೇಕಿದ್ದದ್ದನ್ನು ಮೂರು ಬಾಟಲಿ ಮುಗಿಸಿದ್ದಕ್ಕೆ ಹಲ್ಲೆಲ್ಲ ಕಂದು ಕಲೆ, ಸಾರಿಗೆ ರುಚಿಯಿಲ್ಲ, ಹಲ್ಲು ಕ್ಲೀನ್ ಮಾಡಿಸಲು ಮತ್ತೆ ಸಾವಿರದಿನ್ನೂರು. ಐದು ದಿನದ ಆಂಟಿಬಯಾಟಿಕ್‌ಗೆ ವಾಸನೆ ಹೋಯಿತು, ಹತ್ತನೇ ದಿನ ವಾಪಸ್: ಬ್ಯಾಕ್ಟೀರಿಯಾ ಸತ್ತರೂ ಅದು ಕೂರುವ ಗುಳಿ ಎಲ್ಲಿ ಹೋಗುತ್ತೆ? ಇಯರ್‌ಬಡ್, ಹೇರ್‌ಪಿನ್ ಮಾತ್ರ ಮುಟ್ಟಲೇಬೇಡಿ. ಗೀರಿದ ಜಾಗ ಊದಿಕೊಂಡು ಗುಳಿಯ ಬಾಯಿ ಮುಚ್ಚಿದರೆ ಒಳಗಿರುವುದು ಒಳಗೇ.

ಕೆಲಸ ಮಾಡಿದ್ದು ಉಪ್ಪುನೀರೇ. ಅದನ್ನು ಎಲ್ಲರೂ ಮಾಡ್ತಾರೆ, ತಪ್ಪಾಗಿ ಮಾಡ್ತಾರೆ. ಒಂದು ಲೋಟ, ಅಂದಾಜು 240 ಮಿ.ಲೀ. ಬೆಚ್ಚನೆ ನೀರಿಗೆ ಅರ್ಧ ಟೀ ಚಮಚ ಉಪ್ಪು. ಇದಕ್ಕೆ ಮೊದಲು ಬರೀ ನೀರಲ್ಲಿ ಎರಡು ಸಲ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲದಿದ್ದರೆ ಹಲ್ಲಲ್ಲಿ ಸಿಕ್ಕಿದ ಅವಲಕ್ಕಿ, ಚಟ್ನಿಪುಡಿಯನ್ನು ನೀವೇ ಗಂಟಲಿಗೆ ಕಳಿಸಿದಂತೆ. ಆಮೇಲೆ ತಲೆ ಹಿಂದಕ್ಕೆ ಚಾಚಿ, 'ಗರ್' ಅಲ್ಲ, ಉದ್ದಕ್ಕೆ 'ಆ' ಅನ್ನಿ. 'ಆ' ಅಂದಾಗ ನಾಲಿಗೆ ಕೆಳಗಿಳಿದು ನೀರಿಗೆ ದಾರಿಯಾಗುತ್ತೆ. ಹದಿನೈದು ಸೆಕೆಂಡ್ ನೇರ, ಹಾಗೇ ಬಲಕ್ಕೆ ವಾಲಿಸಿ, ಎಡಕ್ಕೆ ವಾಲಿಸಿ. ಐದಾರು ಗುಟುಕಿಗೆ ಲೋಟ ಖಾಲಿ. ಬಿಳಿ ಸಿಂಕಿಗೆ ಉಗಿದು ನೋಡಿ: ಚುರುಮುರಿ ತಿಂದ ದಿನ ಕಡಲೆಬೀಜದ ಪುಡಿ, ಕೊತ್ತಂಬರಿ ಎಲೆಯ ಚೂರು ಕಣ್ಣಿಗೇ ಕಾಣುತ್ತೆ. ರಾತ್ರಿ ಊಟದ ನಂತರದ್ದು ತಪ್ಪಿಸಲೇಬಾರದು, ನಿದ್ದೆಯಲ್ಲಿ ಜೊಲ್ಲು ಕಡಿಮೆ. ಮಲಗುವ ಮುನ್ನದ ಹಾಲನ್ನು ಗಾರ್ಗಲ್‌ಗಿಂತ ಮೊದಲೇ ಕುಡಿದು ಮುಗಿಸಿ. ನಾಲಿಗೆ ಹೆರೆಯುವಾಗ ಓಕರಿಕೆ ಬಂದರೆ ಉಸಿರು ಹೊರಗೆ ಬಿಡುತ್ತಾ ಹೆರೆಯಿರಿ, ಹಿಂಭಾಗಕ್ಕೂ ತಲುಪುತ್ತೆ.

ಇಷ್ಟಕ್ಕೆ ಅರ್ಧ ಕಡಿಮೆಯಾಯಿತು. ಉಳಿದರ್ಧದ ಮೂಲ ಮೂಗಿನಲ್ಲಿತ್ತು. ಬೆಂಗಳೂರಿನ ಧೂಳು, ಪಾರ್ಥೇನಿಯಂ ಪರಾಗ, ಆಫೀಸಿನ ಏಸಿ. ಮೂಗು ಕಟ್ಟಿದರೆ ರಾತ್ರಿಯಿಡೀ ಬಾಯಲ್ಲಿ ಉಸಿರಾಟ, ಗಂಟಲು ಒಣಗಿ, ಮೂಗಿನ ಹಿಂದಿನಿಂದ ಇಳಿದ ಸಿಂಬಳ ಗುಳಿಯಲ್ಲಿ ಕೂರುತ್ತೆ. ಜಯನಗರದ ಕಡೆ ಈಎನ್‌ಟಿ ಡಾಕ್ಟರಿಗೆ ಏಳುನೂರು ಕೊಟ್ಟು ತೋರಿಸಿದ ಮೇಲೆ ಸ್ಟೀರಾಯ್ಡ್ ಸ್ಪ್ರೇ ಶುರು. ತಲೆ ಸ್ವಲ್ಪ ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ಹಾಗೆ ಹಿಡಿದರೆ ಔಷಧಿ ನಡುಗೋಡೆಗೆ ಬೀಳಲ್ಲ, ಮೂಗಲ್ಲಿ ರಕ್ತ ಬರೋದು ಕಡಿಮೆ. ಜೋರಾಗಿ ಎಳೆದರೆ ಗಂಟಲಿಗಿಳಿದು ದಂಡ. ಗುಣ ಕಾಣಲು ಒಂದೆರಡು ವಾರ ಹಿಡಿಯುತ್ತೆ. ಮೂರು ದಿನಕ್ಕೆ ಬಿಟ್ಟು ಬೈಯೋರೇ ಹೆಚ್ಚು. ತಕ್ಷಣ ಮೂಗು ಬಿಡಿಸುವ ಡ್ರಾಪ್ಸ್ ಬೇರೆ ಜಾತಿ, ಅದನ್ನು ವಾರಗಟ್ಟಲೆ ಹಾಕಿದರೆ ಮೂಗು ಇನ್ನೂ ಬಿಗಿಯಾಗಿ ಕಟ್ಟುತ್ತೆ. ಉಪ್ಪುನೀರಲ್ಲಿ ಮೂಗು ತೊಳೆಯೋದಾದರೆ ಕುದಿಸಿ ಆರಿಸಿದ ನೀರೇ ಆಗಬೇಕು. ಕಾವೇರಿ ನಲ್ಲಿ, ಬೋರ್‌ವೆಲ್, ಕ್ಯಾನ್ ಯಾವುದನ್ನೂ ನೇರ ಮೂಗಿಗೆ ಬಿಡಬೇಡಿ. ಅಪರೂಪಕ್ಕೆ ಮೆದುಳಿಗೇರುವ ಅಮೀಬಾ ಅದರಲ್ಲಿರಬಹುದು.

ನಡುವೆ ಕೆಲವು ತರಲೆ ಪ್ರಯೋಗ. ಎಳ್ಳೆಣ್ಣೆ ಮುಕ್ಕಳಿಸಿದ್ದು ಬಾಯಿಗೆ ಹಿತ, ಟಾನ್ಸಿಲ್‌ವರೆಗೆ ಹೋಗಲೇ ಇಲ್ಲ. ಅರಿಶಿನ ಹಾಕಿದ್ದಕ್ಕೆ ಸಿಂಕ್ ಹಳದಿ. ಆಪಲ್ ಸೈಡರ್ ವಿನೆಗರ್ ಹಲ್ಲಿನ ಎನಾಮಲ್ ತಿನ್ನುತ್ತೆ, ಕಲ್ಲನ್ನಲ್ಲ. ಬೋರ್‌ವೆಲ್ ಗಡಸು ನೀರೇ ಕಾರಣ ಅನ್ನೋರ ಮಾತಿಗೆ ಎರಡು ತಿಂಗಳು ಬರೀ ಆರ್‌ಓ ನೀರು ಕುಡಿದಾಯಿತು, ಕಲ್ಲಿನ ಲೆಕ್ಕ ಮೊದಲಿನಷ್ಟೇ. ಕಲ್ಲನ್ನು ಗಟ್ಟಿ ಮಾಡುವ ಸುಣ್ಣದಂಶ ಜೊಲ್ಲಿನಲ್ಲೇ ಇರುತ್ತೆ.

ಕಂಡ ಕಲ್ಲನ್ನು ನಾಲಿಗೆ ಬುಡದಿಂದಲೇ ಬೀಳಿಸುವ ಒಂದು ಪಟ್ಟು ಇದೆ. ಬರೆದರೆ ಬೆರಳು ಹಾಕಿ ಕಲಿಯುವವರಿದ್ದಾರೆ, ಅದು ನನ್ನ ಹತ್ತಿರವೇ ಇರಲಿ.

ಒಂದೇ ಕಡೆ ಟಾನ್ಸಿಲ್ ದಪ್ಪಗಾಗಿದ್ದರೆ, ರಕ್ತ ಬಂದರೆ, ನುಂಗಲು ಕಷ್ಟವಾದರೆ, ಒಂದೇ ಕಿವಿಗೆ ನೋವು ಹೊಡೆಯುತ್ತಿದ್ದರೆ ಈ ಲೋಟ-ಉಪ್ಪು ಬದಿಗಿಟ್ಟು ಡಾಕ್ಟರ್ ಹತ್ತಿರ ಹೋಗಿ. ಟಾನ್ಸಿಲ್ ಉಳಿಸಿಕೊಂಡು ಗುಳಿಗಳ ಬಾಯನ್ನಷ್ಟೇ ಸಮ ಮಾಡುವ ಕೊಬ್ಲೇಷನ್ ಅನ್ನೋ ಚಿಕಿತ್ಸೆ ಇದೆ, ಕೆಲವರಿಗೆ ಮತ್ತೊಮ್ಮೆ ಮಾಡಬೇಕಾಗುತ್ತೆ. ಪೂರ್ತಿ ತೆಗೆಸಲು ನನಗೆ ಹೇಳಿದ್ದು ಎಪ್ಪತ್ತು-ಎಂಬತ್ತು ಸಾವಿರ. ದೊಡ್ಡವರಿಗೆ ಹತ್ತು-ಹದಿನಾಲ್ಕು ದಿನ ಒಳ್ಳೇ ನೋವು, ಒಂದು ವಾರದ ಆಸುಪಾಸಲ್ಲಿ ರಕ್ತಸ್ರಾವದ ಭಯ ಬೇರೆ.

ಈಗಲೂ ಮದುವೆ ಊಟ ಮುಗಿಸಿ, ಬೀಡಾ ಜಗಿದು ಹಾಗೇ ಮಲಗಿದರೆ ಮೂರನೇ ದಿನ ಕಲ್ಲು ಹಾಜರ್. ಛತ್ರಕ್ಕೆ ಹೋಗುವಾಗ ಜೇಬಲ್ಲಿ ಉಪ್ಪಿನ ಪೊಟ್ಟಣ ಇರುತ್ತೆ, ಬಿಸಿನೀರು ಅಡುಗೆಯವರ ಹತ್ತಿರ ಸಿಗುತ್ತೆ.