ಹಳತಾದಷ್ಟೂ ಚೆಂದವಾಗುವ ಜಾಕೆಟ್: ಕರಾವಳಿಯಲ್ಲಿ ಆರಿಸುವುದು, ಉಳಿಸಿಕೊಳ್ಳುವುದು ಹೇಗೆ?

ಡಿಸೆಂಬರ್‌ನಲ್ಲಿ ಬೈಕ್ ಏರಿ ಚಾರ್ಮಾಡಿ ಘಾಟಿ ಹತ್ತುವವರಿಗೆ, ರಾತ್ರಿ ಎ.ಸಿ. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವವರಿಗೆ, ಮಣಿಪಾಲದ ಆಫೀಸುಗಳಲ್ಲಿ ದಿನವಿಡೀ ತಣ್ಣಗೆ ಕೂರುವವರಿಗೆ ಒಂದು ಜಾಕೆಟ್ ಬೇಕೇ ಬೇಕು. ನಮ್ಮದು ಸೆಕೆಯ ಊರಾದರೂ ಜಾಕೆಟ್ ಇಲ್ಲದ ಮನೆ ಕಡಿಮೆ. ಬೇಸರವೆಂದರೆ, ಹೆಚ್ಚಿನವು ಒಂದೆರಡು ಮಳೆಗಾಲಕ್ಕೇ ಮುಗಿದುಹೋಗುತ್ತವೆ. ಕಾಲರ್ ಬಳಿ ಚಕ್ಕೆ ಏಳುತ್ತದೆ. ಜಿಪ್‌ಗೆ ತುಕ್ಕು ಹಿಡಿಯುತ್ತದೆ. ಕಪಾಟು ತೆರೆದರೆ ಬೂಷ್ಟಿನ ವಾಸನೆ.

ಇನ್ನೊಂದು ಥರದ ಜಾಕೆಟ್ ಇದೆ. ಹಾಕಿದಷ್ಟೂ ಮೈಗೆ ಒಗ್ಗುತ್ತದೆ, ಬಣ್ಣ ಮಾಸಿದಷ್ಟೂ ಕಳೆ ಬರುತ್ತದೆ. ಅಂಥದ್ದು ಕೈಗೆ ಸಿಗುವುದು ಅದೃಷ್ಟದಿಂದಲ್ಲ. ಬಟ್ಟೆ, ಹೊಲಿಗೆ, ಲೋಹ ಈ ಮೂರನ್ನು ನೋಡಲು ಕಲಿತರೆ ಸಾಕು. ಆಮೇಲೆ ಮುಖ್ಯ ಕೆಲಸ ಒಂದೇ, ಅದನ್ನು ಆಗಾಗ ಹಾಕಿಕೊಳ್ಳುವುದು. ನಮ್ಮ ಹವೆಯಲ್ಲಿ ಒಳ್ಳೆಯ ಜಾಕೆಟ್ ಹಾಕಿ ಹಾಳಾಗುವುದಕ್ಕಿಂತ ಮುಚ್ಚಿಟ್ಟು ಹಾಳಾಗುವುದೇ ಜಾಸ್ತಿ.

ಮೊದಲು ಬಟ್ಟೆ

ಪಿ.ಯು. ಲೆದರ್ ಎಂದು ಬರೆದಿದ್ದರೆ ಬಿಟ್ಟುಬಿಡಿ. ಅದು ಬಟ್ಟೆಯ ಮೇಲೆ ಅಂಟಿಸಿದ ಪಾಲಿಯುರೆಥೇನ್ ಪದರ. ಗಾಳಿಯಲ್ಲಿನ ತೇವ ಆ ಪದರವನ್ನು ನಿಧಾನಕ್ಕೆ ಒಡೆಯುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಮಳೆ. ಒಮ್ಮೆಯೂ ಹಾಕದ ಜಾಕೆಟ್ ಕಪಾಟಿನಲ್ಲೇ ಚಕ್ಕೆ ಏಳುವುದು ಇದರಿಂದಲೇ. ಅದಕ್ಕೆ ರಿಪೇರಿ ಇಲ್ಲ.

ನನ್ನ ಮೊದಲ ಆಯ್ಕೆ ಡೆನಿಮ್. ಅದು ಯಾಕೆ ಚೆಂದವಾಗಿ ಹಳತಾಗುತ್ತದೆ ಎಂಬುದಕ್ಕೆ ಕಾರಣ ನೂಲಿನೊಳಗಿದೆ. ಉದ್ದ ನೂಲನ್ನು ಇಂಡಿಗೊ ಬಣ್ಣದಲ್ಲಿ ಹಲವು ಸಲ ಅದ್ದಿ, ಗಾಳಿಗೆ ಹಿಡಿಯುತ್ತಾರೆ. ಬಣ್ಣ ನೂಲಿನ ಹೊರಗೆ ಮಾತ್ರ ಕೂರುತ್ತದೆ, ನಡುವೆ ನೂಲು ಬಿಳಿಯಾಗೇ ಉಳಿಯುತ್ತದೆ. ಅಡ್ಡ ನೂಲಿಗಂತೂ ಬಣ್ಣವೇ ಇಲ್ಲ. ಹಾಗಾಗಿ ಎಲ್ಲಿ ಉಜ್ಜುತ್ತದೋ ಅಲ್ಲಿ ಮಾತ್ರ ಬಿಳಿ ಇಣುಕುತ್ತದೆ. ಚೆನ್ನಾಗಿ ಪಳಗಿದ ಒಂದು ಡೆನಿಮ್ ಜಾಕೆಟ್ ಹತ್ತಿರದಿಂದ ನೋಡಿ. ಬೈಕ್ ಹ್ಯಾಂಡಲ್ ಹಿಡಿಯುವವರ ಮೊಣಕೈ ಒಳಗೆ ಜೇನುಗೂಡಿನಂಥ ಗೆರೆಗಳು ಮೂಡಿರುತ್ತವೆ. ಬ್ಯಾಗಿನ ಪಟ್ಟಿ ಕೂರುವ ಭುಜ ಇನ್ನೊಂದು ಭುಜಕ್ಕಿಂತ ತಿಳಿ. ಜೇಬಿನ ಮುಚ್ಚಳದಲ್ಲಿ ಹೆಬ್ಬೆರಳು ತಾಗುವ ಮೂಲೆ ಪೂರ್ತಿ ಬೆಳ್ಳಗಾಗಿ ಮೆತ್ತಗಾಗಿರುತ್ತದೆ. ಅದೇ ಅಳತೆಯ ಜಾಕೆಟ್ ಇನ್ನೊಬ್ಬರು ಹಾಕಿದ್ದರೆ ಗುರುತೇ ಬೇರೆ. ಕಾರ್ಖಾನೆಯಲ್ಲೇ ಉಜ್ಜಿ ಮಾಸಿಸಿದ್ದನ್ನು ಕೊಂಡರೆ ಈ ಸುಖ ಸಿಗುವುದಿಲ್ಲ. ಗಾಢ ನೀಲಿಯದ್ದನ್ನೇ ಕೊಳ್ಳಿ. ಬಟ್ಟೆಯ ತೂಕ ಚದರ ಗಜಕ್ಕೆ 10ರಿಂದ 12 ಔನ್ಸ್ ಇದ್ದರೆ ನಮ್ಮ ಸೆಕೆಗೆ ಸಾಕು. ಶುರುವಿನಲ್ಲಿ ಬಣ್ಣ ಬಿಡುತ್ತದೆ, ಬಿಳಿ ಅಂಗಿಯ ಮೇಲೆ ಹಾಕಬೇಡಿ.

ಡೆನಿಮ್ ಬೇಡವೆನ್ನುವವರಿಗೆ ದಪ್ಪ ಹತ್ತಿಯ ಡ್ರಿಲ್ ಅಥವಾ ಕ್ಯಾನ್ವಾಸ್ ಇದೆ. ಫ್ರಾನ್ಸಿನ ಕೂಲಿಕಾರ್ಮಿಕರು ತೊಡುತ್ತಿದ್ದ ನೀಲಿ ಜಾಕೆಟ್ ಇಂಥ ಬಟ್ಟೆಯದ್ದೇ. ಅಸ್ತರಿ ಇಲ್ಲ, ಮುಂದೆ ದೊಡ್ಡ ಜೇಬುಗಳು. ನ್ಯೂಯಾರ್ಕಿನ ಬೀದಿಗಳಲ್ಲಿ ದಶಕಗಳ ಕಾಲ ಫೋಟೊ ತೆಗೆದ ಬಿಲ್ ಕನಿಂಗ್‌ಹ್ಯಾಮ್ (1929–2016) ಜಗತ್ತಿನ ಫ್ಯಾಷನ್ ಎಲ್ಲ ನೋಡಿದ್ದರೂ ತಾವು ತೊಟ್ಟಿದ್ದು ಇದನ್ನೇ. ನಮ್ಮೂರಿಗೂ ಇಂಥ ಗಟ್ಟಿ ಬಟ್ಟೆ ಹೊಸತಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ನೇಕಾರ ಜಾನ್ ಹಾಲರ್ 1851ರಲ್ಲಿ ಮಂಗಳೂರಿಗೆ ಬಂದರು, ಮಿಷನ್ನಿನ ನೇಯ್ಗೆ ಇಲ್ಲಿನ ಬಲ್ಮಠದಲ್ಲಿ ಬೆಳೆಯಿತು, ಅಲ್ಲಿನ ಖಾಕಿಗೆ ದೊಡ್ಡ ಹೆಸರಿತ್ತು. ಖಾಕಿ ಡ್ರಿಲ್ ಜಾಕೆಟ್ ನಮ್ಮ ಹವೆಗೆ ಹೇಳಿ ಮಾಡಿಸಿದಂತಿರುತ್ತದೆ.

ಮೇಣ ಹಚ್ಚಿದ ಹತ್ತಿ ಜಾಕೆಟ್ ಇಂಗ್ಲೆಂಡಿನ ತಣ್ಣನೆ ಮಳೆಗೆ ಸರಿ, ನಮ್ಮ ಬೆಚ್ಚಗಿನ ಮಳೆಗಲ್ಲ.

ಲೆದರ್ ಬೇಕೇ ಬೇಕು ಅಂದರೆ ಫುಲ್ ಗ್ರೇನ್ ಕೇಳಿ. ಚರ್ಮದ ಮೇಲ್ಮೈಯನ್ನು ಉಜ್ಜಿ ನುಣುಪು ಮಾಡದೆ ಹಾಗೇ ಉಳಿಸಿದ್ದು ಅದು. ಕಣ್ಣಿಗೆ ಹತ್ತಿರ ಹಿಡಿದರೆ ರೋಮರಂಧ್ರಗಳು ಒಂದೇ ಥರ ಇರುವುದಿಲ್ಲ. ಎಲ್ಲ ಕಡೆ ಅಚ್ಚೊತ್ತಿದಂತೆ ಒಂದೇ ವಿನ್ಯಾಸ ಕಂಡರೆ ಮೇಲೆ ಬೇರೆ ಪದರ ಬಳಿದಿರುವ ಸಾಧ್ಯತೆ ಹೆಚ್ಚು. ಆದರೆ ಮಳೆಗಾಲದಲ್ಲಿ ಲೆದರ್ ಬಹಳ ಆರೈಕೆ ಕೇಳುತ್ತದೆ, ಮನಸ್ಸಿದ್ದರೆ ಮಾತ್ರ ಕೊಳ್ಳಿ.

ಅಂಗಡಿಯಲ್ಲಿ ಒಳಮೈ ನೋಡಿ

ಜಾಕೆಟ್‌ನ ಒಳಭಾಗ ಹೊರಗೆ ಮಾಡಿ. ಭುಜ ಮತ್ತು ತೋಳಿನ ಹೊಲಿಗೆ ಜೀನ್ಸ್‌ನಲ್ಲಿ ಇರುವಂತೆ ಮಡಚಿ ಎರಡು ಸಾಲು ಹಾಕಿದ್ದರೆ ಒಳ್ಳೆಯದು. ಅಂಚನ್ನು ಬರೀ ಓವರ್‌ಲಾಕ್ ಮಾಡಿ ಬಿಟ್ಟಿದ್ದರೆ ಅಷ್ಟು ಬಾಳಿಕೆ ಇಲ್ಲ. ಜೇಬಿನ ಬಾಯಿಯ ಎರಡೂ ತುದಿಗೆ ಒತ್ತೊತ್ತಾದ ಅಡ್ಡ ಹೊಲಿಗೆ ಇದೆಯಾ ನೋಡಿ, ಹರಿಯುವುದು ಅಲ್ಲಿಂದಲೇ.

ಗುಂಡಿ, ಜಿಪ್‌ಗೆ ಒಂದು ಸುಲಭ ಪರೀಕ್ಷೆ ಇದೆ. ಮನೆಯಿಂದ ಸಣ್ಣ ಮ್ಯಾಗ್ನೆಟ್ ಒಯ್ಯಿರಿ. ಅಂಟಿಕೊಂಡರೆ ಒಳಗೆ ಕಬ್ಬಿಣ. ಮಲ್ಪೆ, ಪಣಂಬೂರಿನ ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಬಟ್ಟೆಗೂ ಕಲೆ ಮಾಡುತ್ತದೆ. ಹಿತ್ತಾಳೆಗೆ ಮ್ಯಾಗ್ನೆಟ್ ಅಂಟುವುದಿಲ್ಲ. ಅದರ ಹೊಳಪು ಹೋಗಿ ಕಂದು ಬಣ್ಣ ಬಂದರೂ ನೋಡಲು ಚೆಂದವೇ.

ಹೊಲಿಸಿಕೊಳ್ಳುವುದಾದರೆ

ಇದನ್ನೇ ನಾನು ಹೆಚ್ಚು ಶಿಫಾರಸು ಮಾಡುತ್ತೇನೆ. ಮಂಗಳೂರು, ಉಡುಪಿಯಲ್ಲಿ ಕೈ ಪಳಗಿದ ಟೈಲರ್‌ಗಳು ಇನ್ನೂ ಇದ್ದಾರೆ. 58 ಇಂಚು ಅಗಲದ ಬಟ್ಟೆಯಾದರೆ ಸುಮಾರು ಎರಡೂಕಾಲು ಮೀಟರ್ ಬೇಕಾಗುತ್ತದೆ, ತುಸು ಹೆಚ್ಚೇ ತನ್ನಿ. ಟೈಲರ್‌ಗೆ ಕೊಡುವ ಮುಂಚೆ ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಹತ್ತಿ ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ಅಸ್ತರಿ ಬೇಡ ಎನ್ನಿ, ಬೆವರು ಒಣಗುವುದಿಲ್ಲ. ಇಂಚಿಗೆ ಎಂಟರಿಂದ ಹತ್ತು ಹೊಲಿಗೆ, ದಪ್ಪ ದಾರ, 16ನೇ ನಂಬರ್ ಸೂಜಿ. “ಒಳಗೆ ಸ್ವಲ್ಪ ಬಟ್ಟೆ ಬಿಡಿ, ಮುಂದೆ ದೊಡ್ಡದು ಮಾಡಬೇಕಾಗಬಹುದು” ಎಂದರೆ ಅವರಿಗೆ ಅರ್ಥವಾಗುತ್ತದೆ. ಉಳಿದ ತುಂಡುಗಳನ್ನು ಕೇಳಿ ಪಡೆಯಿರಿ.

ಹಾಕುವುದು, ಒಗೆಯುವುದು

ಡೆನಿಮನ್ನು ವರ್ಷಗಟ್ಟಲೆ ಒಗೆಯಬಾರದು ಎಂಬ ಮಾತು ಚಳಿಯ ದೇಶದ್ದು. ಇಲ್ಲಿ ಬೆವರಿನ ಉಪ್ಪು, ಕೊಳೆ ಕೂತಲ್ಲೇ ಇದ್ದರೆ ಕಾಲರ್, ಕಂಕುಳು ಬೇಗ ಹಾಳಾಗುತ್ತವೆ. ವಾಸನೆ ಬಂತು ಅನಿಸಿದಾಗ ಒಳಭಾಗ ಹೊರಗೆ ಮಾಡಿ, ತಣ್ಣೀರಲ್ಲಿ ಮೆದು ಸೋಪಿನಿಂದ ಒಗೆಯಿರಿ. ಅಂಟುವಾಳದ ನೊರೆಯೂ ಆಗುತ್ತದೆ. ಬ್ರಷ್ ಹಾಕಿ ತಿಕ್ಕಬೇಡಿ, ಹಿಂಡಬೇಡಿ. ನೆರಳಲ್ಲಿ ಒಣಗಿಸಿ.

ಮಳೆಗಾಲ ದಾಟಿಸುವುದು

ಎಲ್ಲಕ್ಕಿಂತ ಕಷ್ಟದ ಹಂತ ಇದು. ಗಾಳಿಯ ತೇವಾಂಶ ಶೇ. 70ರ ಸುತ್ತ ದಾಟಿತೆಂದರೆ ಬೂಷ್ಟು ಬೆಳೆಯಲು ಶುರು. ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ನಮ್ಮ ಕಪಾಟುಗಳಲ್ಲಿ ಅದಕ್ಕಿಂತ ಕಡಿಮೆ ಇರುವುದೇ ಅಪರೂಪ. ಜಾಕೆಟ್ ಮಡಚಿಡಬೇಡಿ, ಪ್ಲಾಸ್ಟಿಕ್ ಕವರ್ ಹಾಕಲೇಬೇಡಿ. ಅಗಲದ ಹ್ಯಾಂಗರ್‌ಗೆ ತೂಗುಹಾಕಿ, ಸುತ್ತ ಗಾಳಿಯಾಡಲು ಜಾಗ ಬಿಡಿ. ಗೋಡೆಗೆ ಪಸೆ ಬಂದ ಕಡೆ ಬೇಡ. ವಾರಕ್ಕೊಮ್ಮೆ ಹೊರತೆಗೆದು ಒಂದು ಗಂಟೆ ಫ್ಯಾನಿನ ಕೆಳಗಿಡಿ, ಅಥವಾ ಸುಮ್ನೆ ಹಾಕಿಕೊಂಡು ಪೇಟೆಗೆ ಹೋಗಿ ಬನ್ನಿ. ತೇವ ಹೀರುವ ಡಬ್ಬಿ ಇಡುವುದಾದರೆ ಅದರಲ್ಲಿ ಸೇರುವ ನೀರು ಲೆದರ್‌ಗೆ ತಾಗದಂತೆ ನೋಡಿಕೊಳ್ಳಿ. ಅದು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ, ಚರ್ಮ ಮುದುಡುತ್ತದೆ.

ಲೆದರ್‌ಗೆ ಬೂಷ್ಟು ಬಂದೇ ಬಿಟ್ಟರೆ ಮನೆಯ ಹೊರಗೆ ಒಯ್ದು ಒಣ ಬ್ರಷ್‌ನಿಂದ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಗೆ ಸ್ವಲ್ಪ ತಾಗಿಸಿ ಒರೆಸಿ. ಕಾಣದ ಜಾಗದಲ್ಲಿ ಮೊದಲು ಪರೀಕ್ಷಿಸಿ. ಬಿಸಿಲಿಗೆ ಹಾಕಬೇಡಿ, ಬಚ್ಚಲ ಒಲೆಯ ಹತ್ತಿರವೂ ತೂಗುಹಾಕಬೇಡಿ, ಬಿಸಿಗೆ ಚರ್ಮ ಸೆಟೆದು ಬಿರುಕು ಬಿಡುತ್ತದೆ. ತೆಂಗಿನೆಣ್ಣೆ ಮನೆಯಲ್ಲೇ ಇದೆಯಲ್ಲ ಎಂದು ಸವರುವವರಿದ್ದಾರೆ. ಕಪ್ಪು ಕಲೆಯಾಗುತ್ತದೆ, ಧೂಳು ಅಂಟುತ್ತದೆ. ಲೆದರ್ ಕಂಡೀಷನರ್ ತೆಳ್ಳಗೆ, ಮಳೆ ಮುಗಿದ ಮೇಲೆ ಒಮ್ಮೆ ಹಚ್ಚಿದರೆ ಸಾಕು.

ಹರಿದರೆ

ತೂತು ದೊಡ್ಡದಾಗುವವರೆಗೆ ಕಾಯಬೇಡಿ. ಮೊಣಕೈ ಬಟ್ಟೆ ತೆಳ್ಳಗಾಗಿ ಬೆಳಕು ಕಂಡರೆ, ಎತ್ತಿಟ್ಟ ತುಂಡನ್ನು ಒಳಗಿನಿಂದ ಇಟ್ಟು ಹತ್ತಿರ ಹತ್ತಿರ ಹೊಲಿಸಿ. ಕಾಲರ್ ಅಂಚು ಹರಿದಿದ್ದರೆ ಬಿಚ್ಚಿ, ತಿರುಗಿಸಿ ಹೊಲಿಯಲು ಹೇಳಿ, ಹಳೆಯ ಟೈಲರ್‌ಗಳಿಗೆ ಗೊತ್ತಿರುವ ಕೆಲಸ. ಅಡಿಯ ಮುಖದ ಬಣ್ಣ ಅಷ್ಟು ಮಾಸಿರುವುದಿಲ್ಲವಾದ್ದರಿಂದ ಕೆಲವು ತಿಂಗಳು ಕಾಲರ್ ಮಾತ್ರ ಗಾಢವಾಗಿ ಕಾಣುತ್ತದೆ. ಜಿಪ್ ಕೆಟ್ಟರೆ ಪೂರ್ತಿ ಬದಲಿಸುವ ಮುಂಚೆ ಎಳೆಯುವ ರನ್ನರ್ ಒಂದನ್ನೇ ಬದಲಿಸಿ ನೋಡಿ. ಎಷ್ಟೋ ಸಲ ಸವೆದಿರುವುದು ಅದೊಂದೇ.