‘ಲಕ್ಷ್ಮಿ’ಯಲ್ಲಿ ಎಷ್ಟು ಅಕ್ಷರ? ಡೆವಲಪರ್ ಮೀಟಪ್‌ನಲ್ಲಿ ಮಾತನಾಡುವ ಮುನ್ನ

ಹಾಸನದಂತಹ ಊರಿನಲ್ಲಿ ವೆಬ್ ಡೆವಲಪರ್‌ಗಳ ಮೀಟಪ್ ಎಂದರೆ ಭಾರೀ ಸಮ್ಮೇಳನವೇನಲ್ಲ. ಭಾನುವಾರ ಯಾವುದೋ ಕಾಲೇಜಿನ ಕೊಠಡಿಯಲ್ಲಿ ಇಪ್ಪತ್ತೈದು, ಮೂವತ್ತು ಜನ ಸೇರುತ್ತಾರೆ. ಎಂಜಿನಿಯರಿಂಗ್ ಓದುವವರು, ಸಕಲೇಶಪುರದ ಕಡೆಯ ಹೋಂಸ್ಟೇಗಳಿಗೆ ಜಾಲತಾಣ ಮಾಡಿಕೊಡುವವರು, ಬೆಂಗಳೂರಿನ ಕೆಲಸವನ್ನು ಊರಿನ ಮನೆಗೇ ತಂದುಕೊಂಡವರು. ‘ಮುಂದಿನ ತಿಂಗಳು ನೀವೇ ಮಾತನಾಡಿ’ ಎಂದು ಸಂಘಟಕರು ಹೇಳಿದರೆ ಎದೆ ಢವಗುಟ್ಟುವುದು ಸಹಜ.

ನಾನು ಮೊದಲ ಸಲ 42 ಸ್ಲೈಡ್‌ಗಳನ್ನು ಹೊತ್ತುಕೊಂಡು ಹೋಗಿದ್ದೆ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದಲ್ಲಿ ವೆಬ್‌ನ ಪ್ರಸ್ತಾವ ಮಂಡಿಸಿದಲ್ಲಿಂದ ಶುರು ಮಾಡಿ ಇಂದಿನವರೆಗೆ ಬರುವಷ್ಟರಲ್ಲಿ ನನಗೆ ಕೊಟ್ಟಿದ್ದ ಇಪ್ಪತ್ತು ನಿಮಿಷ ತೀರಿತ್ತು. ನಿಜಕ್ಕೂ ಹೇಳಬೇಕೆಂದುಕೊಂಡಿದ್ದ ಮಾತು 31ನೇ ಸ್ಲೈಡಿನಲ್ಲಿತ್ತು.

ಸಿಕ್ಕಿಹಾಕಿಕೊಂಡ ಜಾಗವನ್ನು ಹುಡುಕಿ

ಹಾಗಾಗಿ ಮೊದಲು ವಿಷಯ. ‘ಜಾವಾಸ್ಕ್ರಿಪ್ಟ್ ಪರಿಚಯ’ ಎಂಬುದು ವಿಷಯವಲ್ಲ, ಅದು ಪಠ್ಯಪುಸ್ತಕ. ಕಳೆದ ಆರು ತಿಂಗಳಲ್ಲಿ ನೀವು ಯಾವುದರಲ್ಲಿ ಸಿಕ್ಕಿಕೊಂಡು ಒಂದು ರಾತ್ರಿ ನಿದ್ದೆಗೆಟ್ಟಿರಿ? ಅದೊಂದೇ ಸಾಕು.

ನನ್ನ ಎರಡನೆಯ ಮಾತಿಗೆ ವಿಷಯ ಸಿಕ್ಕಿದ್ದು ಒಂದು ನೋಂದಣಿ ಫಾರ್ಮಿನಿಂದ. ಹೆಸರಿನ ಜಾಗಕ್ಕೆ ಹತ್ತು ಅಕ್ಷರಗಳ ಮಿತಿ ಹಾಕಿದ್ದೆ. ಲಕ್ಷ್ಮೀನಾರಾಯಣ ಎಂಬ ಹೆಸರಿನವರು ಎಷ್ಟು ಬಡಿದರೂ ‘ಲಕ್ಷ್ಮೀನಾರ’ ಎಂಬಲ್ಲಿಗೆ ಅಕ್ಷರ ಮೂಡುವುದು ನಿಂತುಬಿಡುತ್ತಿತ್ತು. ನಮ್ಮ ಲೆಕ್ಕದಲ್ಲಿ ಆ ಹೆಸರಿಗೆ ಆರೇ ಅಕ್ಷರ. ಬ್ರೌಸರ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು: ಮೂಲಾಕ್ಷರಕ್ಕೆ ಒಂದು, ಗುಣಿತದ ಚಿಹ್ನೆಗೆ ಒಂದು, ಒತ್ತಕ್ಷರ ಮೂಡಿಸುವ ಹಲಂತಕ್ಕೆ ಇನ್ನೊಂದು. ಅದರ ಪ್ರಕಾರ ಲಕ್ಷ್ಮೀನಾರಾಯಣರಿಗೆ 13.

ಪ್ರಶ್ನೆಯಿಂದ ಶುರು ಮಾಡಿ

‘ಎಲ್ಲರಿಗೂ ನಮಸ್ಕಾರ, ನನ್ನ ಹೆಸರು, ನನ್ನ ಕಂಪನಿ’ ಎಂದು ಐದು ನಿಮಿಷ ಕಳೆಯಬೇಡಿ. ನಾನು ಪರದೆಯ ಮೇಲೆ ‘ಲಕ್ಷ್ಮಿ’ ಎಂದಷ್ಟೇ ಬರೆದು, ಎಷ್ಟು ಅಕ್ಷರ ಎಂದು ಕೇಳಿದೆ. ‘ಎರಡು’ ಎಂದು ಇಡೀ ಕೊಠಡಿ ಕೂಗಿತು. ಬ್ರೌಸರ್‌ನೊಳಗೇ ಕೋಡ್ ಬರೆದು ನೋಡುವ ಜಾಗವಾದ ಕನ್ಸೋಲ್‌ನಲ್ಲಿ ಆ ಪದದ ಲೆಂಗ್ತ್, ಅಂದರೆ ಉದ್ದ, ಕೇಳಿದರೆ 7 ಎಂದಿತು. ಹಿಂದಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತಿದರು. ಆಮೇಲೆ ‘ಹಾಸನ’ ಹಾಕಿದೆ: 4. ‘ಬೇಲೂರು’: 6. ಅಷ್ಟರಲ್ಲಿ ಒಬ್ಬೊಬ್ಬರೂ ತಮ್ಮ ಹೆಸರನ್ನು ಎಣಿಸಿಕೊಳ್ಳುತ್ತಿದ್ದರು. ನಿಮ್ಮ ವಿಷಯ ಬೇರೆಯಿರಬಹುದು, ಆದರೆ ಕೇಳುವವರು ತಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಆಗಿಂದಾಗಲೇ ಮಾಡಿ ನೋಡಬಹುದಾದ ಒಂದು ಸಣ್ಣ ಪರೀಕ್ಷೆ ಇರಲಿ.

ಭಾಷೆಯ ಬಗ್ಗೆ ಹಿಂಜರಿಕೆ ಬೇಡ. ಸರ್ವರ್, ಬ್ರೌಸರ್, ಫಂಕ್ಷನ್ ಹಾಗೆಯೇ ಇರಲಿ, ವಿವರಣೆ ಕನ್ನಡದಲ್ಲಿರಲಿ. ಅರ್ಥವಾಗದ್ದನ್ನು ಇಂಗ್ಲಿಷಿನಲ್ಲಿ ಮುಚ್ಚಿಡುವುದು ಸುಲಭ, ಕನ್ನಡದಲ್ಲಿ ಹೇಳಹೊರಟರೆ ತಕ್ಷಣ ಸಿಕ್ಕಿಬೀಳುತ್ತೇವೆ. ನನಗೆ ಅದರಿಂದ ಲಾಭವೇ ಆಗಿದೆ.

ಸ್ಲೈಡ್, ಡೆಮೊ, ಗಡಿಯಾರ

ಸ್ಲೈಡ್‌ಗಳು ಹತ್ತು ದಾಟದಿರಲಿ. ಕೋಡ್ ತೋರಿಸುವುದಿದ್ದರೆ ಒಂದು ಪರದೆಗೆ ಏಳೆಂಟು ಸಾಲು ಸಾಕು, ಅದೂ ಕೊನೆಯ ಬೆಂಚಿಗೆ ಕಾಣುವಷ್ಟು ದೊಡ್ಡದಾಗಿ. ಕಪ್ಪು ಹಿನ್ನೆಲೆ ನಿಮ್ಮ ಕಣ್ಣಿಗೆ ತಂಪಾಗಿರಬಹುದು, ಬೆಳಕು ತುಂಬಿದ ಕೊಠಡಿಯ ಹಳೆಯ ಪ್ರೊಜೆಕ್ಟರ್‌ನಲ್ಲಿ ಅದು ಬೂದಿ ಬಳಿದಂತೆ ಕಾಣುತ್ತದೆ. ಬಿಳಿಯ ಮೇಲೆ ಕಪ್ಪು ಅಕ್ಷರವೇ ಕ್ಷೇಮ.

ಡೆಮೊವನ್ನು ಇಂಟರ್ನೆಟ್ ನಂಬಿ ಮಾಡಬೇಡಿ. ಬೇಕಾದ ಪ್ಯಾಕೇಜ್‌ಗಳನ್ನೆಲ್ಲ ಹಿಂದಿನ ದಿನವೇ ಇಳಿಸಿಕೊಂಡು, ವೈಫೈ ಆರಿಸಿ ಒಮ್ಮೆ ಪೂರ್ತಿ ನಡೆಸಿ ನೋಡಿ. ಅದರ ಜೊತೆಗೆ ಎರಡು ನಿಮಿಷದ ವಿಡಿಯೊ ಒಂದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋಗುವುದೂ ಇದೆ, ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರಲಿ. ಕರೆಂಟ್ ಹೋದಾಗ ಬೋರ್ಡು, ಸೀಮೆಸುಣ್ಣ ಹಿಡಿದು ಮುಂದುವರಿಸಿದವರ ಮಾತೇ ಆ ದಿನದ ಒಳ್ಳೆಯ ಮಾತಾದದ್ದನ್ನು ನಾನು ಕಂಡಿದ್ದೇನೆ.

ಮನೆಯಲ್ಲಿ ನಿಂತು, ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು ಎರಡು ಸಲ ಹೇಳಿ. ಮನಸ್ಸಿನಲ್ಲೇ ಓದಿಕೊಳ್ಳುವುದು ಲೆಕ್ಕಕ್ಕಿಲ್ಲ. ಇಪ್ಪತ್ತು ನಿಮಿಷ ಕೊಟ್ಟಿದ್ದರೆ ಹದಿನೈದಕ್ಕೆ ಸಿದ್ಧರಾಗಿ. ಅರಕಲಗೂಡು, ಆಲೂರಿನಿಂದ ಬಂದವರ ಕಣ್ಣು ಬಸ್ಸಿನ ಹೊತ್ತಿನ ಮೇಲಿರುತ್ತದೆ. ನಿಮ್ಮ ಹೆಚ್ಚುವರಿ ಐದು ನಿಮಿಷ ಅವರಿಗೆ ಒಂದು ಗಂಟೆಯಾಗಬಹುದು.

ಆ ದಿನ

ಅರ್ಧ ಗಂಟೆ ಮೊದಲೇ ಹೋಗಿ ಪ್ರೊಜೆಕ್ಟರ್‌ಗೆ ಜೋಡಿಸಿ ನೋಡಿ. ಎಚ್‌ಡಿಎಂಐ, ವಿಜಿಎ ಎರಡಕ್ಕೂ ಅಡಾಪ್ಟರ್ ಚೀಲದಲ್ಲಿರಲಿ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಮರೆಯದೆ ಬಂದ್ ಮಾಡಿ. ‘ಮನೆಗೆ ಬರುವಾಗ ಕೊತ್ತಂಬರಿ ಸೊಪ್ಪು ತಾ’ ಎಂಬ ಆಜ್ಞೆ ನನ್ನ ಕೋಡಿನ ಮೇಲೆ ತೇಲಿಬಂದದ್ದನ್ನು ಅಂದಿನವರು ಈಗಲೂ ನೆನಪಿಸುತ್ತಾರೆ.

ಯಾರಾದರೂ ಪ್ರಶ್ನೆ ಕೇಳಿದರೆ ಅದನ್ನು ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಹೇಳಿ, ಆಮೇಲೆ ಉತ್ತರಿಸಿ. ಯೋಚಿಸಲು ಸ್ವಲ್ಪ ಬಿಡುವೂ ಸಿಗುತ್ತದೆ. ‘ಡೇಟಾಬೇಸ್‌ನಲ್ಲಿ ಲಕ್ಷ್ಮಿ ಎಷ್ಟು ಜಾಗ ಹಿಡಿಯುತ್ತಾಳೆ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಒಟ್ಟು 21 ಎಂದು ಅಂದು ನನಗೆ ಹೊಳೆಯಲಿಲ್ಲ. ‘ಗೊತ್ತಿಲ್ಲ, ನೋಡಿ ಹೇಳುತ್ತೇನೆ’ ಎಂದೆ. ಕಾಫಿಗೆ ಹೊರಗೆ ಬರುವಷ್ಟರಲ್ಲಿ ಅವಳೇ ಹುಡುಕಿ ಹೇಳಿದಳು.

ಹೊರಡುವಾಗ ಪ್ರೊಜೆಕ್ಟರ್‌ನಿಂದ ಅಡಾಪ್ಟರ್ ಬಿಚ್ಚಿಕೊಳ್ಳಿ. ನಾನು ಈವರೆಗೆ ಎರಡು ಕಳೆದುಕೊಂಡಿದ್ದೇನೆ.